ಮತ್ತೆ ಮತ್ತೆ ಬಿಳಿಯಾಗುತ್ತಿದ್ದ ಕೆರೆ

"ಉಮಾವತಿಯಕ್ಕ, ನನ್ನ ಕೆರೆಯ ನೀರನ್ನು ಯಾರೋ ಕದಿಯುತ್ತಿದ್ದಾರೆ."

ಬಾಗಿಲಲ್ಲಿ ನಿಂತ ಜಯಶೀಲ ಶೆಟ್ಟರು ಹೀಗೆಂದಾಗ ನಾನು ನಕ್ಕುಬಿಟ್ಟೆ. ಉಮಾವತಿ ನಗಲಿಲ್ಲ. ಮುಂಬಯಿ ಹತ್ತಿರದ ಥಾಣೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ನಿವೃತ್ತಳಾದ ನನ್ನ ಈ ಗೆಳತಿಗೆ ಎದುರಿನವರ ಮಾತು ಪೂರ್ತಿ ಕೇಳದೆ ತೀರ್ಮಾನಿಸುವ ಅಭ್ಯಾಸವಿರಲಿಲ್ಲ. ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಕಳೆದ ಸರ, ಕಾಣೆಯಾದ ಬೆಕ್ಕು, ಮುರಿದ ಸಂಬಂಧ ಎಲ್ಲವೂ ಕೊನೆಗೆ ಅವಳ ಬಾಗಿಲಿಗೇ ಬರುತ್ತಿದ್ದವು. ಎದುರು ಮನೆಯ ಸುಗುಣಾ, ಅಂದರೆ ನಾನು, ಅವಳ ಹಿಂದೆಯೇ ಇರುತ್ತಿದ್ದೆ.

"ಕೂತುಕೊಳ್ಳಿ ಶೆಟ್ರೇ. ಮೊದಲಿನಿಂದ ಹೇಳಿ," ಎಂದಳು.

ತೊಂಬತ್ತಾರರ ಚಳಿಗಾಲವದು. ಸ್ಟೇಷನ್ ಹತ್ತಿರ ಹೋಟೆಲು ನಡೆಸುತ್ತಿದ್ದ ಶೆಟ್ಟರಿಗೆ ಹೃದಯಾಘಾತವಾದ ಮೇಲೆ ಗಲ್ಲಾದಲ್ಲಿ ಮಗ ಮನೀಷ್ ಕೂತಿದ್ದ. ಮನಸ್ಸು ಹಗುರಾಗುವಂಥ ಹವ್ಯಾಸ ಹಿಡಿಯಿರಿ ಎಂದು ಡಾಕ್ಟರರು ಹೇಳಿದ್ದರು. ಇಸ್ಪೀಟು ಆಡಿದರೆ ಶೆಟ್ಟರಿಗೆ ಸಿಟ್ಟು ಬರುತ್ತಿತ್ತು; ಭಜನೆಗೆ ಕೂತರೆ ನಿದ್ದೆ. ಕೊನೆಗೆ ಮನೀಷನೇ ಒಂದು ಪೆಟ್ಟಿಗೆ ತಂದುಕೊಟ್ಟ. ಒಳಗೆ ರಟ್ಟಿನ ಮೇಲೆ ಗೆರೆಗಳಲ್ಲಿ ಅಚ್ಚಾದ ಚಿತ್ರ, ಅದರ ಚೂರುಚೂರು ಮನೆಗಳಲ್ಲಿ ಒಂದೊಂದು ಸಂಖ್ಯೆ, ಅವೇ ಸಂಖ್ಯೆಗಳ ಪುಟ್ಟ ಬಣ್ಣದ ಡಬ್ಬಿಗಳು. ಸಂಖ್ಯೆ ನೋಡಿ ಬಣ್ಣ ತುಂಬಿದರಾಯಿತು. ಬೆಟ್ಟ, ಮೋಡ, ನಡುವೆ ಒಂದು ಕೆರೆ.

ಸೊಸೈಟಿಯ ಕೆಳಗಿನ ಕೋಣೆಯಲ್ಲಿ ಮಧ್ಯಾಹ್ನಗಳು ಆ ಕೆರೆಯಲ್ಲೇ ಕಳೆಯತೊಡಗಿದವು. ಜೊತೆಗೆ ವಿಜಯಪುರದ ಜಟ್ಟೆಪ್ಪ. ಕೆಮಿಕಲ್ ಕಾರ್ಖಾನೆಯಲ್ಲಿ ದುಡಿದು, ಲಕ್ವ ಹೊಡೆದ ಮೇಲೆ ಮನೆಯಲ್ಲಿ ಕೂತವನು. ಇಬ್ಬರೂ ಮಾತಿಲ್ಲದೆ ಬಣ್ಣ ಹಚ್ಚುವಾಗ ದೂರದ ಲೋಕಲ್ ರೈಲಿನ ಸದ್ದೂ ನೀರಿನ ಆಚೆ ದಡದಿಂದ ಬಂದಂತೆ ಕೇಳುತ್ತಿತ್ತು.

"ಚಿತ್ರ ಮುಗಿದ ಕೂಡಲೇ ನೆರೂಲ್‌ನಲ್ಲಿ ಮಗ ಕೊಂಡ ಹೊಸ ಫ್ಲ್ಯಾಟಿಗೆ ಹೋಗುವುದೆಂದು ಅವನಿಗೆ ಮಾತು ಕೊಟ್ಟಿದ್ದೇನೆ. ಮೂರನೇ ಮಾಳಿಗೆ, ಒಳ್ಳೆ ಗಾಳಿ ಉಂಟಂತೆ," ಎಂದರು ಶೆಟ್ಟರು. "ಆದರೆ ಮುಗಿಯುವುದೇ ಇಲ್ಲ ಮಾರಾಯ್ತಿ. ತುಂಬಿದ ನೀರು ಮರುದಿನಕ್ಕೆ ಬಿಳಿ! ಕೋಣೆಯ ಕೀಲಿ ಇರುವುದು ಎರಡೇ. ಒಂದು ನನ್ನ ಮನೆಯಲ್ಲಿ, ಇನ್ನೊಂದು ಜಟ್ಟೆಪ್ಪನ ಹತ್ರ. ಅವನಿಂದ ಕೀಲಿ ಕಸಿದುಕೊಳ್ಳಿ, ಅವನನ್ನು ಒಳಗೆ ಸೇರಿಸಬೇಡಿ ಅಂತ ಮನೀಷ್ ಹಟ ಹಿಡಿದಿದ್ದಾನೆ. ನನಗೆ ಅದು ಆಗುವುದಿಲ್ಲ."

ನಾವು ಕೋಣೆಗೆ ಹೋದಾಗ ಜಟ್ಟೆಪ್ಪ ಅಲ್ಲೇ ಇದ್ದ. ಕೆರೆಯ ನಡುವೆ ಮಂಜು ಇಳಿದಂತೆ ಬಿಳಿ ತೇಪೆಗಳು. ಗೆರೆಯೊಳಗೆ ಕೂದಲೆಳೆಯಷ್ಟೂ ತಪ್ಪದೆ ಬಳಿದು, ಮೇಲೆ ಪೆನ್ನಿನಲ್ಲಿ ಸಂಖ್ಯೆಗಳನ್ನು ಮತ್ತೆ ಬರೆದಿದ್ದರು. ಉಮಾವತಿ ಉಗುರಿನಿಂದ ಕೆರೆದಳು. ಪುಡಿಪುಡಿಯಾಗಿ ಉದುರಿತು. ಮೂಸಿದಳು, ನನ್ನ ಮೂಗಿಗೂ ಹಿಡಿದಳು. ತಲೆಗೇರುವಂಥ ವಾಸನೆ. ಪೆಟ್ಟಿಗೆಯ ಬಿಳಿ ಬಣ್ಣದ ಡಬ್ಬಿ ಮುಚ್ಚಳ ತೆರೆಯದೆ ಹಾಗೇ ಇತ್ತು.

"ಮೋಡಗಳನ್ನು ಯಾರು ಮಾಡಿದ್ದು?"

"ನಾನ್ರಿ ಅಕ್ಕಾರ," ಎಂದ ಜಟ್ಟೆಪ್ಪ. ಅವನ ಬೂದುಬಣ್ಣದ ಮೋಡಗಳ ಅಂಚು ಗೆರೆ ದಾಟಿ ಬೆಟ್ಟದ ಮೇಲೆಲ್ಲ ಹರಡಿತ್ತು. "ದಿನಾ ಬ್ರಶ್ ತೊಳದು ಕೀಲಿ ಹಾಕ್ಕೊಂಡು ಹೋಗ್ತೀನ್ರಿ. ತುಂಬಿದ ಕೆರಿ ಬತ್ತಿಸೂ ಮನಸರೆ ಹ್ಯಾಂಗ ಬರ್ತದ್ರಿ?" ಅವನ ಕಣ್ಣು ತುಂಬಿತ್ತು.

ಅಲ್ಲಿಂದ ಶೆಟ್ಟರ ಹೋಟೆಲಿಗೆ ಹೋದೆವು. ಮನೀಷ್ ಗಲ್ಲಾ ಬಿಟ್ಟು ನಮ್ಮ ಟೇಬಲಿಗೇ ಬಂದ. ಮೆನು ಕಾರ್ಡಿನಲ್ಲಿ ಹಳೆಯ ದರಗಳಿಗೆ ಬಿಳಿ ಬಳಿದು ಹೊಸ ದರ ಬರೆಯಲಾಗಿತ್ತು.

"ಅಕ್ಷರ ಮುದ್ದಾಗಿದೆಯಲ್ಲ," ಎಂದಳು ಉಮಾವತಿ.

"ನಾನೇ ಬರೆದದ್ದು ಆಂಟಿ. ಹೊಸ ಕಾರ್ಡ್ ಪ್ರಿಂಟ್ ಆಗೋವರೆಗೆ."

"ಹೊಸ ಮನೆ ಎತ್ತರದಲ್ಲಿದೆಯಂತೆ?"

"ಹಾಂ, ಐದನೇ ಮಾಳಿಗೆ. ಮಸ್ತ್ ಹವಾ," ಎಂದವನು ತಟ್ಟನೆ ಮಾತು ತಿರುಗಿಸಿದ. "ಆ ಜಟ್ಟೆಪ್ಪನನ್ನು ಹೊರಗೆ ಹಾಕಿ ಆಂಟಿ. ಸೀಧಾ ಬಾತ್ ಹೈ, ಪಪ್ಪ ಹೋಗೋದು ಅವನಿಗೆ ಬೇಡ."

ಭಾನುವಾರ ಮಧ್ಯಾಹ್ನ ಉಮಾವತಿ ಎಲ್ಲರನ್ನೂ ಆ ಕೋಣೆಯಲ್ಲಿ ಕೂರಿಸಿದಳು. ಕಿಟಕಿಯ ಬಿಸಿಲು ಚಿತ್ರದ ಮೇಲೆ ಬಿದ್ದು, ಉಳಿದಿದ್ದ ನೀಲಿ ಮೆಲ್ಲಗೆ ಅಲುಗಾಡುವಂತೆ ಕಾಣುತ್ತಿತ್ತು.

"ಮನೀಷ್ ಹೇಳಿದ ಕಾರಣ ತಪ್ಪೇನಲ್ಲ," ಎಂದು ಅವಳು ಶುರು ಮಾಡಿದಳು. "ಗೆಳೆಯ ಹೋಗುತ್ತಾನೆಂದರೆ ಜಟ್ಟೆಪ್ಪನಿಗೆ ನೋವಿದೆ. ಆದರೆ ಅವನ ಕೈ ನಡುಗುತ್ತದೆ. ದೊಡ್ಡ ಮೋಡವೇ ಗೆರೆ ದಾಟುವಾಗ, ಕಡಲೆಬೇಳೆಯಷ್ಟು ಮನೆಯಲ್ಲಿ ಹೀಗೆ ಬಳಿದು ಸಂಖ್ಯೆ ಬರೆಯಲು ಅವನಿಂದ ಸಾಧ್ಯವಿಲ್ಲ. ಇನ್ನು ಈ ಬಿಳಿ. ಇದು ಪೆಟ್ಟಿಗೆಯ ಬಣ್ಣವಲ್ಲ, ತಪ್ಪು ತಿದ್ದುವ ವೈಟ್ನರ್. ವಾಸನೆ ಸುಗುಣಾಳೂ ನೋಡಿದ್ದಾಳೆ. ಅದೇ ಬಿಳಿ, ಅದೇ ಮುದ್ದಾದ ಸಂಖ್ಯೆಗಳು ಹೋಟೆಲಿನ ಮೆನು ಕಾರ್ಡಿನಲ್ಲಿವೆ. ಇನ್ನೊಂದು ಕೀಲಿ ಇರುವುದು ಶೆಟ್ಟರ ಮನೆಯಲ್ಲಿ. ಬೆಳಿಗ್ಗೆ ಹೋಟೆಲಿಗೆ ಹೊರಡುವವನು ಇಲ್ಲಿ ಹೊಕ್ಕರೆ ಯಾರು ನೋಡಬೇಕು?"

"ನಾನಾ? ನಾನ್ಯಾಕೆ? ಕರೆದುಕೊಂಡು ಹೋಗಬೇಕು ಅಂತ ಇರೋನೇ ನಾನು!" ಮನೀಷ್ ಎದ್ದು ನಿಂತ.

"ಎಲ್ಲಿಗೆ? ಅಪ್ಪನಿಗೆ ಮೂರನೇ ಮಾಳಿಗೆ ಅಂದೆ, ನನಗೆ ಐದನೆಯದು ಅಂದೆ. ತನ್ನ ಮನೆ ಎಷ್ಟನೇ ಮಾಳಿಗೆಯಲ್ಲಿದೆ ಅನ್ನುವುದನ್ನು ಯಾರೂ ಮರೆಯುವುದಿಲ್ಲ. ಆ ಮನೆ ಇಲ್ಲ, ಅಲ್ಲವಾ ಮಗಾ?"

ಅವನು ಕುಸಿದು ಕೂತ. "ಬಿಲ್ಡರ್ ಓಡಿಹೋದ ಆಂಟಿ. ಅಲ್ಲಿ ಬರೀ ಕಂಬಗಳಿವೆ. ಪಪ್ಪನಿಗೆ ಶಾಕ್ ಆಗಬಾರದು ಅಂತ ಡಾಕ್ಟರ್ ಹೇಳಿದ್ರು. ಚಿತ್ರ ಮುಗಿದರೆ ಹೊರಡಲೇಬೇಕಿತ್ತು. ಏನು ಹೇಳಲಿ? ಅದಕ್ಕೇ..."

ನಾನು ಶೆಟ್ಟರನ್ನೇ ನೋಡುತ್ತಿದ್ದೆ. ಅವರ ಕೈ ಎದೆಗೆ ಹೋಗಲಿಲ್ಲ; ಪಕ್ಕದಲ್ಲಿದ್ದ ಜಟ್ಟೆಪ್ಪನ ಭುಜದ ಮೇಲೆ ಬಿತ್ತು.

"ಮೊದಲು ಜಟ್ಟೆಪ್ಪನ ಹತ್ರ ಮಾತಾಡು," ಎಂದರು.

ಮನೀಷ್ ಬಗ್ಗಿ ಅವನ ಕಾಲು ಮುಟ್ಟಿದ. "ತಪ್ಪಾಯ್ತು ಕಾಕಾ. ನಿಮ್ಮ ಮೇಲೆ ಹಾಕಬಾರದಿತ್ತು."

"ಎದ್ದೇಳಪ್ಪಾ," ಎಂದ ಜಟ್ಟೆಪ್ಪ. "ಸಿಟ್ಟು ಐತಿ. ಹೋಗ್ತದ."

ಶೆಟ್ಟರು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು. "ಇಷ್ಟು ಚಂದ ಬಳಿಯಲು ತುಂಬಾ ಹೊತ್ತು ಬೇಕು. ಹೋಟೆಲು ಬಿಟ್ಟು ಇಲ್ಲಿ ಕೂರುತ್ತಿದ್ದೆಯಾ?"

"ಹೂಂ ಪಪ್ಪ. ಶುರುವಿಗೆ ಹೆದರಿಕೆಯಾಗುತ್ತಿತ್ತು." ಅವನು ತಲೆ ತಗ್ಗಿಸಿದ. "ಆಮೇಲೆ... ಎದ್ದು ಹೋಗೋಕೆ ಮನಸ್ಸೇ ಬರುತ್ತಿರಲಿಲ್ಲ. ಇಲ್ಲಿ ಏನೂ ನೆನಪಾಗುತ್ತಿರಲಿಲ್ಲ."

ಶೆಟ್ಟರು ಮಗನ ಮುಖವನ್ನು ಹೊಸದಾಗಿ ಕಂಡವರಂತೆ ನೋಡಿದರು. ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. ಜಟ್ಟೆಪ್ಪ ಆ ಕಡೆಯಿಂದ ಇನ್ನಷ್ಟು ಸರಿದ.

"ಕೂತುಕೋ. ಆ ದಡದ ನೀರು ನಿನ್ನದು."

ಉಮಾವತಿ ನನ್ನ ಕೈ ಹಿಡಿದಳು. ಸದ್ದಾಗದಂತೆ ಬಾಗಿಲು ಮುಂದೆ ಮಾಡಿ, ಇಬ್ಬರೂ ಮೆಟ್ಟಿಲು ಹತ್ತಿದೆವು.