ಹಸಿ ಬಣ್ಣದ ವಾಲ್ವ್

ವರ್ಕ್‌ಶಾಪ್ ಮೇಷ್ಟ್ರು ವಿದ್ಯಾರ್ಥಿನಿ ಗುಬ್ಬಿಯನ್ನು ಕರೆದುಕೊಂಡು, ಏದುಸಿರು ಬಿಡುತ್ತಾ ಹಾಸ್ಟೆಲ್ ವಾರ್ಡನ್ನಮ್ಮನ ಬಾಗಿಲು ತಟ್ಟಿದರು. ಆ ನೌಕಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೋಪು ಕದ್ದವರಿಂದ ಹಿಡಿದು ಪ್ರಿನ್ಸಿಪಾಲರ ಕುರ್ಚಿಗೆ ಗೋಂದು ಬಳಿದವರ ತನಕ ಎಲ್ಲರನ್ನೂ ಹಿಡಿದುಹಾಕಿದ ಮಹಾತಾಯಿ ಆಕೆ. ಮೇಷ್ಟ್ರಿಗೆ ದೇವರಿಗಿಂತ ಆಕೆಯ ಮೇಲೆ ಒಂದು ಗುಲಗಂಜಿ ಹೆಚ್ಚೇ ನಂಬಿಕೆ.

"ಅಕ್ಕಾ, ಘಾತ ಆಯ್ತು! ಪ್ರಾಕ್ಟಿಕಲ್‌ನಲ್ಲಿ ಗುಬ್ಬಿ ಫೇಲಂತೆ. ಇದು ಪಾಸಾಗದಿದ್ರೆ ಸಿಕ್ಕಿರೋ ಹಡಗಿನ ಕೆಲಸಾನೂ ಹೋಗುತ್ತೆ."

"ಲೈಫ್‌ಬೋಟ್ ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಮಾಡ್ದೆ," ಗುಬ್ಬಿ ಬಿಕ್ಕಿದಳು. "ಕೂಲಿಂಗ್ ನೀರು ನೋಡೋಕೆ ಆ ಕಡೆ ಬಗ್ಗಿದ್ದೆ, ಎಂಜಿನ್ ಕೆಮ್ಮಿ ನಿಂತೇಹೋಯ್ತು. ನೋಡಿದ್ರೆ ಡೀಸೆಲ್ ವಾಲ್ವ್ ಮುಚ್ಚಿದೆ! ನಾನು ತೆಗೆದೇ ಇಲ್ಲ, ಪೈಪಿನಲ್ಲಿ ಉಳಿದಿದ್ದ ಡೀಸೆಲ್‌ನಲ್ಲಿ ಓಡ್ತು ಅಂತಾರೆ ಪರೀಕ್ಷಕರು. ನನ್ನಾಣೆ, ತೆಗೆದಿದ್ದೆ!"

ಆಗ ವರ್ಕ್‌ಶಾಪಿನ ಒಳಗಿದ್ದವರು ಮೇಷ್ಟ್ರು, ಪರೀಕ್ಷಕರು, ಸರದಿಗೆ ಕಾಯುತ್ತಿದ್ದ ಅವಳ ಸಹಪಾಠಿ ಗಡ್ಡದವನು. ಗುಬ್ಬಿಗೂ ಗಡ್ಡದವನಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಮೇಷ್ಟ್ರು ಮನಸ್ಸಿನಲ್ಲೇ ಅವನನ್ನು ಗಲ್ಲಿಗೇರಿಸಿಯಾಗಿತ್ತು.

ವರ್ಕ್‌ಶಾಪಿನಲ್ಲಿ ಪರೀಕ್ಷಕರು ಬಟ್ಟೆಚೂರಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಹಡಗಿನಲ್ಲಿ ದುಡಿದು ಅಲ್ಲೇ ತಲೆಗೂದಲು ಕಳೆದುಕೊಂಡ ಆಸಾಮಿ. ಯೋಚನೆ ಬಂದಾಗೆಲ್ಲ ಬೋಳುತಲೆ ಕೆರೆದುಕೊಳ್ಳುವುದು ಅವರ ಚಾಳಿ. ಗಡ್ಡದವನು ಅವರ ಹಿಂದೆ ನಿಂತು ನಗು ನುಂಗುತ್ತಿದ್ದ. ಇವನೇ ಕಳ್ಳ ಎಂದು ಮೇಷ್ಟ್ರು ಹಲ್ಲು ಕಡಿದರು.

"ವಾಲ್ವಿಗೆ ಬಣ್ಣ ಯಾವಾಗ ಬಳಿದ್ರಿ?" ಹೊಳೆಯುತ್ತಿದ್ದ ಹಸಿರು ವಾಲ್ವ್ ನೋಡಿ ವಾರ್ಡನ್ನಮ್ಮ ಮೇಷ್ಟ್ರನ್ನು ಕೇಳಿದರು.

"ಬೆಳಿಗ್ಗೆ ನಾನೇ ಬಳಿದೆ, ಪರೀಕ್ಷಕರು ಬರ್ತಾರಲ್ಲ. ಇನ್ನೂ ಅಂಟಂಟು."

"ಎಲ್ಲರೂ ಕೈ ತೋರ್ಸಿ."

ಗುಬ್ಬಿಯ ಗ್ಲೌಸ್ ಮೇಲೆ ಹಸಿರು. ಉಳಿದವರ ಕೈ ಸ್ವಚ್ಛ.

"ನೋಡಿದ್ರಾ! ಎಂಜಿನ್ ನಿಂತ್ಮೇಲೆ ಗಾಬರಿಗೆ ಮುಟ್ಟಿದ್ದಾಳೆ," ಪರೀಕ್ಷಕರು ಗುಡುಗಿದರು.

"ಕೈಯೇನೋ ಒರೆಸಿಕೊಂಡ್ರಿ ಸ್ವಾಮಿ. ತಲೆ?"

ಮೇಷ್ಟ್ರು ಇಣುಕಿದರು. ಬೋಳುತಲೆಯ ಮೇಲೆ ನಾಲ್ಕು ಹಸಿರು ಗೆರೆ! ಗಡ್ಡದವನು ಇನ್ನು ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟ.

"ನಾನ್ಯಾಕೆ ಮುಚ್ಚಲಿ?" ಪರೀಕ್ಷಕರು ತೊದಲಿದರು.

"ಹಡಗಲ್ಲಿ ವಾರವಾರ ಈ ಎಂಜಿನ್ ಹೇಗೆ ಪರೀಕ್ಷೆ ಮಾಡ್ತಿದ್ರಿ?"

"ಸ್ಟಾರ್ಟ್ ಮಾಡೋದು, ಸದ್ದು ಕೇಳೋದು, ವಾಲ್ವ್ ಮುಚ್ಚ..." ತೆರೆದ ಬಾಯಿ ಹಾಗೇ ನಿಂತಿತು.

"ನಮ್ಮ ಯಜಮಾನ್ರೂ ಹಡಗಿನವರೇ. ನಾನು ಹಾಲು ಕಾಯೋಕಿಟ್ರೆ, ಹಾದುಹೋಗ್ತಾ ಅಭ್ಯಾಸಬಲಕ್ಕೆ ಗ್ಯಾಸ್ ಆಫ್ ಮಾಡ್ತಾರೆ. ಕೇಳಿದ್ರೆ, ನಾನಲ್ಲ ಅಂತ ಆಣೆ ಇಡ್ತಾರೆ. ಇರ್ಲಿ, ಸದ್ದು ಸರಿಯಿಲ್ದಿದ್ರೆ ಏನ್ಮಾಡ್ತಿದ್ರಿ?"

"ಮುಚ್ಚೋದೆಲ್ಲಿ ಬಂತು? ಮೊದಲು ರಿಪೇರಿ!"

"ಅಂದ್ರೆ ನಿಮ್ಮ ಬಾಯಿ ಫೇಲ್ ಅನ್ನೋ ಮುಂಚೆನೇ ನಿಮ್ಮ ಕೈ ಇವಳನ್ನ ಪಾಸ್ ಮಾಡಿದೆ."

ಪರೀಕ್ಷಕರು ತಲೆ ಕೆರೆಯಹೋಗಿ ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ಗುಬ್ಬಿಯ ಕೈ ಕುಲುಕಿದರು. ಹುಡುಗಿ ಅಳುತ್ತಲೇ ನಕ್ಕಳು. ಮೇಷ್ಟ್ರ ಕಣ್ಣೂ ಒದ್ದೆಯಾಯಿತು.

ಮುಂದಿನ ಸರದಿ ಗಡ್ಡದವನದು. ಎಂಜಿನ್ ಗುಡುಗುಡು ಓಡಿತು. ಪರೀಕ್ಷಕರು ಈ ಸಲ ಎಚ್ಚರಿಕೆಯಿಂದ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಂತಿದ್ದರು. ಗಡ್ಡದವನು ಆ ಜೇಬನ್ನೇ ನೋಡಿದ, ಬೆವರಿದ, ಕೊನೆಗೆ ಕೈಮುಗಿದ.

"ಸಾರ್, ದಯವಿಟ್ಟು ಮುಚ್ಬಿಡಿ ಸಾರ್!"