ಸಮ್ಹಾಳ ಬೆನ್ನ ಮೇಲಿನ ದನಿ

ಬೆಳಗಿನ ಏಳು ಗಂಟೆಗೆ ಫಹೂದ್ ಊರಿನಾಚೆಯ ಮರುಭೂಮಿಯ ಬಯಲಿನಲ್ಲಿ ಮೂವರು ಒಂದು ಫೋನಿನ ಮೇಲೆ ಬಗ್ಗಿ ನಿಂತಿದ್ದರು. ಫೋನಿನ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ ನೈಋತ್ಯಕ್ಕೆ ಸರಿಯುತ್ತಿತ್ತು. ಆ ಚುಕ್ಕೆ ಸಮ್ಹಾ, ಖಲ್ಫಾನರ ಐದು ವರ್ಷದ ಓಟದ ಒಂಟೆ; ಅವಳ ಕತ್ತಿನ ಉಪಗ್ರಹ ಪಟ್ಟಿ ಅದನ್ನು ಕಳಿಸುತ್ತಿತ್ತು. ಅವಳು ಹೋಗುತ್ತಿದ್ದ ದಿಕ್ಕಿನಲ್ಲಿ ಇದ್ದದ್ದು ಉಮ್ಮ್ ಅಲ್ ಸಮೀಮ್ ಎಂಬ ಉಪ್ಪಿನ ಬಯಲು. ಮೇಲೆ ಗಟ್ಟಿ ನೆಲದಂಥ ಉಪ್ಪಿನ ಪದರ, ಕೆಳಗೆ ಕೆಸರು. ಅದರೊಳಗೆ ಹೋದ ಒಂಟೆಗಳು ವಾಪಸು ಬಂದದ್ದನ್ನು ಅಲ್ಲಿನ ದುರೂ ಬುಡಕಟ್ಟಿನ ಜನರಲ್ಲಿ ಯಾರೂ ಕಂಡಿಲ್ಲ.

ತಾಲೀಮು ಓಟ ಶುರುವಾಗಿದ್ದು ಐದೂವರೆಗೆ. ಸಮ್ಹಾಳ ಬೆನ್ನ ಮೇಲೆ ಖಲ್ಫಾನರ ತಮ್ಮನ ಮಗಳು ರಯ್ಯಾ ಹೊಸದಾಗಿ ಕಟ್ಟಿದ ರೋಬೋಟ್ ಸವಾರ ಕೂತಿತ್ತು. ತೂಕ ಎರಡು ಕಿಲೋ, ಒಳಗೆ ಗೋಡೆ ಕೊರೆಯುವ ಡ್ರಿಲ್ಲಿನ ಮೋಟಾರು, ಮೈಮೇಲೆ ಹಳದಿ ಅಂಗಿ, ಕೈಯಲ್ಲಿ ಚಾಟಿ, ಎದೆಯಲ್ಲಿ ಸ್ಪೀಕರು. ಖಲ್ಫಾನ್ ಎಂದಿನಂತೆ ಪಿಕಪ್ಪಿನಲ್ಲಿ ಪಕ್ಕಪಕ್ಕದಲ್ಲೇ ಓಡಿಸುತ್ತ ವೈರ್‌ಲೆಸ್ಸಿನಲ್ಲಿ ಕೂಗುತ್ತಿದ್ದರು. ಅವರ ಕೂಗು ಸಮ್ಹಾಳ ಬೆನ್ನ ಮೇಲಿಂದ ಕೇಳುತ್ತಿತ್ತು. ಓಟದ ಹಾದಿಯ ಬೇಲಿ ಮುರಿದಿದ್ದ ಒಂದು ಕಡೆಯಿಂದ ಅವಳು ಹೊರಗೆ ನುಗ್ಗಿದಳು. ಪಿಕಪ್ಪು ಹಳ್ಳದಲ್ಲಿ ಸಿಕ್ಕಿಕೊಂಡಿತು. ಅದನ್ನು ಎಳೆದು ತೆಗೆಯುವಷ್ಟರಲ್ಲಿ ಅವಳು ಮಬ್ಬಿನಲ್ಲಿ ಮರೆಯಾಗಿದ್ದಳು.

"ಸಂಪರ್ಕ ಕಡಿದ್ರೆ ನಿನ್ನ ಯಂತ್ರ ಏನ್ ಮಾಡುತ್ತಮ್ಮಾ?" ಎಂದು ಇದ್ರೀಸ್ ಕೇಳಿದ. ಕಸ್ಸಲಾ ಕಡೆಯ ಸುಡಾನಿನವನು, ಹನ್ನೊಂದು ವರ್ಷದಿಂದ ಖಲ್ಫಾನರ ಒಂಟೆಗಳಿಗೆ ಮೇವು ಹಾಕುತ್ತಿದ್ದವನು.

"ಕೊನೇಲಿ ಹೇಳಿದ್ದನ್ನೇ ಮಾಡ್ತಾ ಇರುತ್ತೆ," ಎಂದಳು ರಯ್ಯಾ.

"ಕೊನೇಲಿ ಏನ್ ಹೇಳಿದ್ರಿ?"

"ಹೊಡಿ ಅಂತ."

ಹೋದ ವರ್ಷದ ಓಟದಲ್ಲಿ ಅರೆಗಳಿಗೆ ಸಂಪರ್ಕ ತಪ್ಪಿ ರೋಬೋಟು ಸುಮ್ಮನಾಗಿ ಸಮ್ಹಾ ಸೋತಿದ್ದಳು. ಇನ್ನು ಹಾಗಾಗಬಾರದು ಎಂದು ದೊಡ್ಡಪ್ಪ ಕೇಳಿದ್ದರು, ಕೊನೆಯ ಆಜ್ಞೆ ನಿಲ್ಲದಂತೆ ರಯ್ಯಾ ಮಾಡಿಕೊಟ್ಟಿದ್ದಳು. ಇಪ್ಪತ್ತಾರು ವರ್ಷದ ರಯ್ಯಾ ತನ್ನ ಮನೆಯ ಕಾರ್ ಶೆಡ್ಡಿನಲ್ಲಿ ಇಂಥ ಒಂಬತ್ತು ಸವಾರರನ್ನು ಕಟ್ಟಿದ್ದಳು. ತನ್ನ ಜಾಣತನದ ಬಗ್ಗೆ ಅವಳಿಗೆ ನಾಚಿಕೆಯಾದದ್ದು ಇದೇ ಮೊದಲು.

"ನಿನ್ನೆ ಸಂಜೆಯಿಂದ ನೀರು ಕುಡಿದಿಲ್ಲ ಅವಳು," ಎಂದ ಇದ್ರೀಸ್.

"ಹತ್ತಿ," ಎಂದರು ಖಲ್ಫಾನ್. "ಮಧ್ಯಾಹ್ನದೊಳಗೆ ಸಿಗಲಿಲ್ಲಾಂದ್ರೆ ಆಮೇಲೆ ಸಿಕ್ಕೂ ಪ್ರಯೋಜನ ಇಲ್ಲ."

ನಾಲ್ಕು ಕ್ಯಾನು ನೀರು, ಒಂದು ಚೀಲ ಖರ್ಜೂರ, ಹಗ್ಗ, ಮರಳಿನಲ್ಲಿ ಚಕ್ರದ ಕೆಳಗೆ ಹಾಕುವ ಎರಡು ಉದ್ದನೆಯ ತಗಡಿನ ಹಲಗೆ. ಟೈರಿನ ಗಾಳಿ ಅರ್ಧ ಇಳಿಸಿ ಹೊರಟರು.

ಮೊದಲ ಹತ್ತು ಕಿಲೋಮೀಟರು ಕಪ್ಪು ಜಲ್ಲಿಯ ಬಯಲು. ಅಲ್ಲೊಂದು ಇಲ್ಲೊಂದು ಮುಳ್ಳಿನ ಮರ, ಅದರ ನೆರಳಿನಲ್ಲಿ ಯಾರದೋ ಮೇಕೆಗಳು. ಆಮೇಲೆ ಮರಗಳು ಮುಗಿದವು, ಮೇಕೆಗಳೂ ಮುಗಿದವು. ನೆಲ ಬೆಳ್ಳಗಾಗುತ್ತ ಹೋಯಿತು, ಆಕಾಶವೂ ಬೆಳ್ಳಗಾಯಿತು, ಎರಡರ ನಡುವೆ ಗೆರೆ ಎಲ್ಲಿದೆಯೆಂದು ಕಣ್ಣಿಗೆ ತಿಳಿಯದಾಯಿತು. ಸೆಪ್ಟೆಂಬರಿನ ಬಿಸಿಲು ಒಂಬತ್ತು ಗಂಟೆಗೇ ಕಿಟಕಿಯ ಗಾಜನ್ನು ಮುಟ್ಟಲು ಬಿಡುತ್ತಿರಲಿಲ್ಲ. ಸಮ್ಹಾಳ ಹೆಜ್ಜೆಗಳು ಮಾತ್ರ ನೇರವಾಗಿ, ಒಂದೇ ಸಮನೆ ಮುಂದೆ ಹೋಗಿದ್ದವು. ಮೇಯಲು ನಿಂತ ಗುರುತಿಲ್ಲ, ತಿರುಗಿ ನೋಡಿದ ಗುರುತೂ ಇಲ್ಲ.

ಒಂದು ಮರಳ ದಿಬ್ಬದ ನೆತ್ತಿಯಲ್ಲಿ ಪಿಕಪ್ಪು ಹೂತಿತು. ಇಳಿದರು, ತೋಡಿದರು, ಹಲಗೆ ಹಾಕಿದರು, ನೂಕಿದರು. ಚಕ್ರ ಕಕ್ಕಿದ ಮರಳೆಲ್ಲ ಇದ್ರೀಸನ ಬಾಯಿಗೆ ಬಿತ್ತು.

"ತಿಂಡಿ ಆಯ್ತಾ ಇದ್ರೀಸಣ್ಣ?" ಎಂದಳು ರಯ್ಯಾ.

"ಉಪ್ಪು ಕಮ್ಮಿ," ಎಂದು ಅವನು ಉಗುಳಿದ. "ಮುಂದೆ ಸಿಗುತ್ತೆ ಬಿಡು."

ದಿಬ್ಬ ಇಳಿಯುತ್ತಿದ್ದಂತೆ ಫೋನು ನಡುಗಿತು. ರೋಬೋಟು ರೇಡಿಯೋ ವ್ಯಾಪ್ತಿಯೊಳಗೆ ಸಿಕ್ಕಿತ್ತು, ಹದಿನಾಲ್ಕು ಕಿಲೋಮೀಟರು ದೂರದಲ್ಲಿ. ರಯ್ಯಾ 'ನಿಲ್ಲಿಸು' ಗುಂಡಿಯನ್ನು ಮೂರು ಸಲ ಒತ್ತಿದಳು. ಒಂದು ಸಲ ಸಾಕಾಗಿತ್ತು. ಚಾಟಿ ನಿಂತಿತು.

ಒಂಟೆಯ ಎದೆಗೆ ಕಟ್ಟಿದ ಪಟ್ಟಿಯಿಂದ ನಾಡಿಯ ಬಡಿತವೂ ಫೋನಿಗೆ ಬರತೊಡಗಿತು. ನೂರ ಮೂವತ್ತೆಂಟು. ನೂರ ಹತ್ತು. ತೊಂಬತ್ತು. ಚುಕ್ಕೆ ನಿಧಾನವಾಗಿ, ನಿಂತೇ ಬಿಟ್ಟಿತು.

"ನಿಂತ್ಲು," ಎಂದಳು ರಯ್ಯಾ.

ಖಲ್ಫಾನ್ ವೈರ್‌ಲೆಸ್ ಕೈಗೆತ್ತಿಕೊಂಡರು. "ಬಾರೇ ಸಮ್ಹಾ, ಬಾ ನನ್ನಮ್ಮಾ, ಮನೆಗೆ ಬಾ."

ತೊಂಬತ್ತಿದ್ದದ್ದು ನೂರ ಇಪ್ಪತ್ತಾಯಿತು. ಚುಕ್ಕೆ ಸರಿಯಿತು, ಆಚೆ ಕಡೆಗೆ.

"ಕೇಳಿಸ್ಲಿಲ್ಲ ಅನ್ಸುತ್ತೆ," ಎಂದು ಖಲ್ಫಾನ್ ಇನ್ನೂ ಜೋರಾಗಿ ಕರೆದರು. ನೂರ ನಲವತ್ತು. ಚುಕ್ಕೆ ಓಡಿತು.

ಮೂರನೆಯ ಸಲ ಅವರು ಬಾಯಿ ತೆರೆಯುವಾಗ ರಯ್ಯಾ ವೈರ್‌ಲೆಸ್ಸಿನ ಮೇಲೆ ಅಂಗೈ ಇಟ್ಟಳು. ಹೇಳದಿದ್ದರೆ ಒಂಟೆ ಹೋಗುತ್ತದೆ, ಹೇಳಿದರೆ ದೊಡ್ಡಪ್ಪನ ಜೀವ ಹಿಂಡುತ್ತದೆ. ಹೇಳಿದಳು.

"ದೊಡ್ಡಪ್ಪ, ನೀವು ಕರೆದ್ರೆ ಓಡ್ತಾಳೆ."

"ಯಾರು ಕರೆದ್ರೆ?"

"ನಿಮ್ಮ ದನಿಗೇ. ನೋಡಿ, ನಂಬರ್ ನೋಡಿ."

"ಅವಳ ತಾಯಿ ಹೆರಿಗೇಲಿ ಸತ್ತಾಗ ಬಾಟ್ಲಿ ಹಾಲು ಕುಡಿಸಿ ಸಾಕಿದೋನು ನಾನು. ನನ್ನ ಚಾಪೆ ಪಕ್ಕ ಮಲಗ್ತಿದ್ಲು. ನನ್ನ ದನಿಗೆ ಓಡ್ತಾಳಂತೆ!"

ಇದ್ರೀಸ್ ಹೊರಗೆ ನೋಡುತ್ತ ಮೆಲ್ಲಗೆ ಹೇಳಿದ. "ಮೂರು ವರ್ಷ ಆಯ್ತು ಯಜಮಾನ್ರೇ. ನೀವು ಅವಳ ಹತ್ರ ಮಾತಾಡೋದೆಲ್ಲ ಈ ಡಬ್ಬೀಲೇ. ದನಿ ಬರುತ್ತೆ, ಹಿಂದೇನೇ ಏಟು ಬರುತ್ತೆ. ಪಾಪ, ಅವಳೇನ್ ಮಾಡ್ತಾಳೆ?"

ಖಲ್ಫಾನ್ ಬಹಳ ಹೊತ್ತು ಆ ನಂಬರನ್ನೇ ನೋಡಿದರು. ಸುತ್ತಣ ಏಳು ಇಝ್ಬಾಗಳಲ್ಲಿ, ಅಂದರೆ ಏಳು ಒಂಟೆ ಬಿಡಾರಗಳಲ್ಲಿ, ಅವರಷ್ಟು ಮಾತಿನ ಮನುಷ್ಯ ಇನ್ನೊಬ್ಬರಿರಲಿಲ್ಲ. ವೈರ್‌ಲೆಸ್ಸಿನ ಬ್ಯಾಟರಿ ಬಿಚ್ಚಿ ರಯ್ಯಾಳ ಕೈಗೆ ಕೊಟ್ಟರು. ಆಮೇಲೆ ಒಂದು ಮಾತೂ ಆಡಲಿಲ್ಲ.

ಪಿಕಪ್ಪು ಒಂಟೆಗೆ ಒಂದು ಕಿಲೋಮೀಟರಿನಷ್ಟು ಹತ್ತಿರಕ್ಕೆ ಹೋಯಿತು. ಕಣ್ಣಿಗೆ ಒಂದು ಹಳದಿ ಅಂಗಿಯ ಚೂರು ಕಂಡಿತು. ಅಷ್ಟರಲ್ಲೇ ನಾಡಿ ಮತ್ತೆ ಏರಿತು. ಈ ಸಲ ಯಾರೂ ಕರೆದಿರಲಿಲ್ಲ.

"ಇಂಜಿನ್ ಆಫ್ ಮಾಡಿ," ಎಂದಳು ರಯ್ಯಾ. "ಗಾಡಿ ಪಕ್ಕದಲ್ಲಿ ಬಂದ್ರೆ ಅವಳಿಗೆ ಓಟ ಅಂತಾನೇ ಲೆಕ್ಕ. ನಡೀಬೇಕು."

ಆ ಬಯಲಿನಲ್ಲಿ ಕಳೆದ ನಲವತ್ತು ವರ್ಷದಿಂದ ಒಂಟೆಯನ್ನು ಯಾರೂ ನಡೆದು ಹುಡುಕಿರಲಿಲ್ಲ. ಇಂಜಿನ್ ಆರಿದ ಮೇಲೆ ಗಾಳಿಯೂ ಇಲ್ಲ. ಕಾಲ ಕೆಳಗೆ ಉಪ್ಪು ಹಪ್ಪಳದಂತೆ ಮುರಿಯುವ ಸದ್ದು ಮಾತ್ರ. ಇದ್ರೀಸ್ ತಲೆಯ ಮೇಲೆ ಹಲಗೆಗಳನ್ನು ಹೊತ್ತ, ರಯ್ಯಾ ಹಗ್ಗ ಸುತ್ತಿಕೊಂಡಳು, ಖಲ್ಫಾನ್ ಎರಡು ಕೈಯಲ್ಲೂ ನೀರಿನ ಕ್ಯಾನು ಹಿಡಿದರು. ಅರವತ್ತೆರಡರ ಮನುಷ್ಯ, ಒಮ್ಮೆಯೂ ಕೆಳಗಿಡಲಿಲ್ಲ.

ಸಮ್ಹಾ ಉಪ್ಪಿನ ಬಯಲಿನ ದಂಡೆಯಿಂದ ನೂರೈವತ್ತು ಹೆಜ್ಜೆ ಒಳಗೆ ನಿಂತಿದ್ದಳು. ಮುಂಗಾಲು ಎರಡೂ ಮೊಣಕಾಲಿನವರೆಗೆ ಕೆಸರಿನೊಳಗೆ ಹೋಗಿದ್ದವು. ಒದ್ದಾಡಿ ಸುಸ್ತಾಗಿ ಕತ್ತು ಚಾಚಿ ನಿಂತಿದ್ದಳು. ಬೆನ್ನ ಮೇಲೆ ಆ ಹಳದಿ ಅಂಗಿಯವನು ನೆಟ್ಟಗೆ ಕೂತಿದ್ದ.

"ನಾನು ಹಗುರ," ಎಂದು ರಯ್ಯಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡಳು.

ಒಂದು ಹಲಗೆ ಹಾಸಿ, ಅದರ ಮೇಲೆ ಹೊಟ್ಟೆಯಲ್ಲಿ ತೆವಳಿ, ಇನ್ನೊಂದನ್ನು ಮುಂದಕ್ಕೆ ತಳ್ಳಿ, ಹಿಂದಿನದನ್ನು ಎಳೆದುಕೊಂಡು ಹೋದಳು. ಅರ್ಧ ದಾರಿಯಲ್ಲಿ ಪದರ ಚಟ್ಟನೆ ಸೀಳಿತು.

ಎಡಗಾಲು ತೊಡೆಯವರೆಗೆ ಇಳಿಯಿತು. ಕೆಸರು ಬಿಸಿಯಾಗಿತ್ತು.

ಹಗ್ಗ ಬಿಗಿಯಿತು. ಇದ್ರೀಸ್ ಹಿಮ್ಮಡಿ ಊರಿ ಎಳೆದ. ಕಾಲು ಬಂತು, ಚಪ್ಪಲಿ ಬರಲಿಲ್ಲ.

"ವಾಪಸ್ ಬಾಮ್ಮ," ಎಂದ ಇದ್ರೀಸ್.

"ಬರಲ್ಲ."

ಒಂಟೆಯ ಪಕ್ಕಕ್ಕೆ ಹೋಗಿ ಮೊದಲು ರೋಬೋಟಿನ ಪಟ್ಟಿ ಕತ್ತರಿಸಿದಳು. ಅದು ಕೆಳಗೆ ಬಿತ್ತು. ಚಾಟಿ ಬಿದ್ದ ಪಕ್ಕೆಯ ಮೇಲೆ ಬಾಸುಂಡೆಗಳು ಅಡ್ಡಡ್ಡ ಎದ್ದಿದ್ದವು, ಒಂದೆರಡು ಕಡೆ ರಕ್ತ ಒಣಗಿತ್ತು. ರಯ್ಯಾಳಿಗೆ ಅಳು ಬಂತು. ಇಡೀ ದಾರಿ ತಡೆದುಕೊಂಡಿದ್ದವಳು ಅಲ್ಲಿ ಉಪ್ಪಿನ ಮೇಲೆ ಮಲಗಿಕೊಂಡೇ ಅತ್ತಳು.

ತಿರುಗಿದಾಗ ದೊಡ್ಡಪ್ಪ ಅವಳ ಹಿಂದೆಯೇ ಇದ್ದರು. ತಲೆವಸ್ತ್ರ ಬಿಚ್ಚಿ ಹಾಸಿ, ಅದರ ಮೇಲೆ ಅಂಗಾತ ಬೆನ್ನು ಜಾರಿಸುತ್ತ, ಒಂದು ಕ್ಯಾನು ನೀರನ್ನು ಎದೆಯ ಮೇಲಿಟ್ಟುಕೊಂಡು ಬಂದಿದ್ದರು. ಮಾತಿಲ್ಲ. ಹೊರಳಿ ಬರಿಗೈಯಲ್ಲಿ ಒಂಟೆಯ ಕಾಲಿನ ಸುತ್ತ ಕೆಸರು ತೋಡತೊಡಗಿದರು. ಉಪ್ಪಿನ ಅಂಚಿಗೆ ಬೆರಳು ಸೀಳಿದರೂ ಬಾಯಿ ಬಿಡಲಿಲ್ಲ.

ಸಮ್ಹಾ ಮೂತಿ ತಗ್ಗಿಸಿ ಅವರ ತಲೆ ಮೂಸಿದಳು. ಕತ್ತು ಮೂಸಿದಳು. ಮೂರು ವರ್ಷದಿಂದ ಆ ವಾಸನೆ ಅವಳಿಗೆ ಇಷ್ಟು ಹತ್ತಿರ ಸಿಕ್ಕಿರಲಿಲ್ಲ. ಖಲ್ಫಾನ್ ಬೊಗಸೆಯಲ್ಲಿ ನೀರು ಹಿಡಿದರು, ಅವಳು ಕುಡಿದಳು. ಕ್ಯಾನು ಅರ್ಧವಾದ ಮೇಲೆ ಅವರು ತೋಡಿದ ಗುಂಡಿಗೆ ರಯ್ಯಾ ಹಲಗೆ ತುರುಕಿದಳು. ಖಲ್ಫಾನ್ ಭುಜ ಕೊಟ್ಟರು.

ಸಮ್ಹಾ ಒಮ್ಮೆ ಮೈ ಕೊಸರಿದಳು. ಒಂದು ಕಾಲು ಬಂತು.

ಇನ್ನೊಮ್ಮೆ. ಇನ್ನೊಂದು ಬಂತು, ಅವಳು ಹಲಗೆಯ ಮೇಲೇ ಮಂಡಿಯೂರಿದಳು.

ಸುತ್ತ ಪದರ ಬಿರಿಯುವ ಸದ್ದು. "ಬಂದ ಹೆಜ್ಜೆ ಮೇಲೇ ನಡೆಸಿ!" ಎಂದು ದಂಡೆಯಿಂದ ಇದ್ರೀಸ್ ಕೂಗಿದ. ಖಲ್ಫಾನ್ ಮೂಗುದಾರ ಹಿಡಿಯಲಿಲ್ಲ, ಮುಂದೆ ನಡೆದರು ಅಷ್ಟೆ. ಅವಳು ಹಿಂದೆ ನಡೆದಳು. ನೂರೈವತ್ತು ಹೆಜ್ಜೆ ದಾಟಲು ಇಪ್ಪತ್ತು ನಿಮಿಷ ಹಿಡಿಯಿತು. ಹಳದಿ ಅಂಗಿಯ ಸವಾರನನ್ನು ತರಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಪಿಕಪ್ಪಿನ ಹಿಂಬದಿಗೆ ಅವಳನ್ನು ಹತ್ತಿಸಿ ಕೂರಿಸುವಾಗ ಬಿಸಿಲು ಇಳಿಯುತ್ತಿತ್ತು. ಖಲ್ಫಾನ್ ಮುಂದೆ ಕೂರದೆ ಅವಳ ಪಕ್ಕದಲ್ಲೇ ಕೂತರು. ಇದ್ರೀಸ್ ಗಾಡಿ ಓಡಿಸಿದ. ಇಂಜಿನ್ ಶುರುವಾದಾಗ ನೂರ ಹತ್ತಕ್ಕೆ ಹಾರಿದ ನಾಡಿ, ಮೈಮೇಲೆ ಕೈ ಬಿದ್ದ ಮೇಲೆ ಮೆಲ್ಲಗೆ ಐವತ್ತಕ್ಕೆ ಇಳಿಯಿತು. ರಯ್ಯಾ ದಾರಿಯುದ್ದಕ್ಕೂ ತಾನು ಕಟ್ಟಿದ ಉಳಿದ ಎಂಟು ಸವಾರರನ್ನು ಎಣಿಸಿಕೊಂಡಳು. ಸಂಪರ್ಕ ಕಡಿದರೆ ಎಲ್ಲವೂ ಕೈಕಟ್ಟಿ ಕೂರುವಂತೆ ನಾಳೆಯೇ ಮಾಡಬೇಕು. ಸೋತರೆ ಸೋಲಲಿ.

ಬಿಡಾರದ ಬೇಲಿ ಕಂಡಾಗ ಹಿಂದಿನ ಕಿಟಕಿಯಲ್ಲಿ ಖಲ್ಫಾನರ ಮುಖ ಬಂತು. ಆರು ಗಂಟೆಗಳಲ್ಲಿ ಅವರು ಆಡಿದ ಮೊದಲ ಮಾತು ಪಿಸುಮಾತಾಗಿತ್ತು.

"ಒಂದ್ಸಲ ಹೆಸರು ಹಿಡಿದು ಕರೀಲಾ?"

ರಯ್ಯಾ ಫೋನ್ ನೋಡಿ ಹೂಂ ಎಂದು ತಲೆಯಾಡಿಸಿದಳು.

"ಸಮ್ಹಾ," ಎಂದರು ಅವರು, ಹಾಲಿನ ಬಾಟ್ಲಿ ಹಿಡಿದಾಗ ಕರೆಯುತ್ತಿದ್ದ ಹಾಗೆ.

ಐವತ್ತು. ಎಪ್ಪತ್ತು. ಎಂಬತ್ತೊಂದು.

"ಎಷ್ಟು?"

"ಏರ್ತು, ದೊಡ್ಡಪ್ಪ."

"ಓಡೋಷ್ಟಾ?"

"ಇಲ್ಲ, ಅಲ್ಲೇ ನಿಂತಿತು. ಇಳೀತಿದೆ ಈಗ. ಎಪ್ಪತ್ತು. ಅರವತ್ತೆರಡು."

ಖಲ್ಫಾನ್ ಕಣ್ಣೊರೆಸಿಕೊಂಡರು. "ಇನ್ನೊಂದ್ಸಲ ಕರೀಲಾ?"

"ಇವತ್ತಿಗೆ ಸಾಕು. ನಾಳೆ ಕರೀರಿ."

ಖಲ್ಫಾನ್ ಆಗಲಿ ಎಂದು ತಲೆಯಾಡಿಸಿ, ಬಾಯಿ ಮುಚ್ಚಿಕೊಂಡು, ಅವಳ ಕತ್ತು ತುರಿಸುತ್ತ ಕೂತರು.