ಇಬ್ಬರ ಅಭಿಪ್ರಾಯ ಬೇರೆಯಾದರೆ

ಆಗ ನನಗೆ ಇಪ್ಪತ್ತಾರು. ಷೇರಿನ ಹಾಗೆ ಪೇಟೆಯಲ್ಲಿ ಕೊಂಡು ಮಾರುವ ಫಂಡು, ಅಂದರೆ ಇಟಿಎಫ್, ಸಾಮಾನ್ಯ ಹೂಡಿಕೆದಾರರಿಗೆ ಸರಳವೋ ಸಂಕೀರ್ಣವೋ ಎಂದು ಓದಿ ಬರೆಯುವುದು ನನ್ನ ಕೆಲಸ. ಪ್ರತಿ ಫೈಲನ್ನೂ ಇಬ್ಬರು ಬೇರೆ ಬೇರೆಯಾಗಿ ಓದಬೇಕು. ಅಭಿಪ್ರಾಯ ಒಂದೇ ಆದರೆ ಫೈಲು ಮುಂದಕ್ಕೆ. ಬೇರೆಯಾದರೆ ಕಿಟಕಿ ಪಕ್ಕದ ಮೇಜಿನಲ್ಲಿ ಎದುರುಬದುರು ಕೂತು, ಒಮ್ಮತಕ್ಕೆ ಬರುವ ತನಕ ಮಾತಾಡಬೇಕು. ಆ ಮೇಜಿನ ಮೇಲಿನ ಬಿಸಿಲು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನನ್ನ ಜೊತೆ ಅದೇ ಫೈಲುಗಳನ್ನು ಓದುತ್ತಿದ್ದವನು ಹೊಸಬ. ತೋಳು ಮಡಚಿದ ನೀಲಿ ಅಂಗಿ, ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ. ಅವನಿಗೆ ಎಲ್ಲವೂ ಸಂಕೀರ್ಣ.

"ಸೂಚ್ಯಂಕದಲ್ಲಿರೋ ಐವತ್ತು ಕಂಪನಿ ಷೇರನ್ನ ಅದೇ ಪ್ರಮಾಣದಲ್ಲಿ ಕೊಂಡಿಡೋ ಫಂಡು. ಒಳಗೆ ಬೇರೆ ಯಾವ ಕರಾಮತ್ತೂ ಇಲ್ಲ. ಇದರಲ್ಲಿ ಏನ್ರೀ ಸಂಕೀರ್ಣ?"

"ಇನ್ನೊಂದ್ಸಲ ಹೇಳಿದ್ರೆ ಅರ್ಥ ಆಗ್ಬಹುದು."

ಹೇಳುತ್ತಿದ್ದೆ. ಅವನು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದ. ಕಣ್ಣು ಮಾತ್ರ ಫೈಲಿನ ಮೇಲಿರುತ್ತಿರಲಿಲ್ಲ. ನಾನು ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಆ ಮಧ್ಯಾಹ್ನಗಳು ನನಗೂ ಇಷ್ಟವಾಗಿದ್ದವು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮನೆಯಲ್ಲಿ ಗೊಣಗಿದರೆ ಅಕ್ಕ ನಗುತ್ತಿದ್ದಳು. "ದಡ್ಡ ಅಂತೀಯ, ದಿನಾ ಅವನ ಮಾತೇ ಆಡ್ತೀಯಲ್ಲೇ."

ಹೀಗೆ ಅಭಿಪ್ರಾಯ ಬೇರೆಯಾದ ಒಂಬತ್ತನೇ ಫೈಲಿಗೆ ತಾಳ್ಮೆ ಕೈಕೊಟ್ಟಿತು. ಅವನಿಗೆ ಕೆಲಸ ಬರುವುದಿಲ್ಲ ಎಂದು ಮೇಲಧಿಕಾರಿಗೆ ದೂರು ಬರೆದೆ. ಇನ್ನೂ ಪ್ರೊಬೇಷನ್‌ನಲ್ಲಿದ್ದವನು, ಪತ್ರ ತಲುಪಿದರೆ ಕೆಲಸ ಹೋದಂತೆಯೇ. ಕೊಡುವ ಮೊದಲು ಅವನಿಗೇ ತೋರಿಸಿದೆ. ಬೆನ್ನ ಹಿಂದೆ ಮಾತಾಡುವ ಬುದ್ಧಿ ನನ್ನದಲ್ಲ.

ಓದಿದ. ಕೆನ್ನೆಯ ಗುಳಿ ಮಾಯವಾಯಿತು.

"ತಪ್ಪು ನಂದೇ, ಕೊಟ್ಬಿಡಿ. ಆದ್ರೆ ಕಾರಣ ಬೇರೆ. ಈ ಒಂಬತ್ತಕ್ಕೂ ನೀವು 'ಸರಳ' ಅಂತಾನೇ ಬರೀತೀರಿ ಅಂತ ನಂಗೆ ಗೊತ್ತಿತ್ತು. ನಾನೂ ಅದನ್ನೇ ಬರೆದ್ರೆ ನಿಮ್ಮೆದುರು ಕೂರೋದು ಹೇಗೆ?"

ಆಗ ಹೊಳೆಯಿತು. ಪೇಟೆಯ ದಿನದ ಏರಿಳಿತವನ್ನು ದುಪ್ಪಟ್ಟು ಮಾಡುವ ಅಪಾಯದ ಫಂಡುಗಳಿಗೆ ನಾನು 'ಸಂಕೀರ್ಣ' ಎಂದೇ ಬರೆಯುತ್ತಿದ್ದೆ; ನನ್ನೆದುರು ಕೂರುವ ಆಸೆಗೂ ಅವನು ಅವಕ್ಕೆ ಒಮ್ಮೆಯೂ 'ಸರಳ' ಎಂದು ಬರೆದಿರಲಿಲ್ಲ. ಅಲ್ಲಿ ಆಟವಾಡಿದ್ದರೆ ಗೊತ್ತಿಲ್ಲದೆ ಹಣ ಹಾಕಿದವರು ಯಾರೋ ಮುಳುಗಬಹುದಿತ್ತು. ನನಗೆ ಸಿಟ್ಟೂ ಬಂತು, ನಗುವೂ ಬಂತು.

"ಇವತ್ತಿಂದ ಇದ್ದದ್ದು ಇದ್ದ ಹಾಗೆ ಬರೀಬೇಕು."

"ಬರೀತೀನಿ. ಆಮೇಲೆ ಕೂರೋಕೆ ನೆಪ ಇರಲ್ಲ."

ದೂರಿನ ಕಾಗದ ಇಸಿದುಕೊಂಡು ನಾಲ್ಕಾಗಿ ಹರಿದೆ.

"ನನ್ನ ಜೊತೆ ಊಟಕ್ಕೆ ಕೂರೋಕೆ ಫೈಲ್ ಯಾಕ್ರೀ ಬೇಕು?"

ಗಡಿಯಾರದಲ್ಲಿ ಇನ್ನೂ ಹನ್ನೊಂದು ಗಂಟೆ. ಆದರೂ ಅವನು ಎದ್ದು ನಿಂತ. ನಾನೂ ಎದ್ದೆ.